ಹೆಳವನಕಟ್ಟೆ ಗಿರಿಯಮ್ಮ : ಒಂದು ಚಾರಿತ್ರಿಕ ವಿವೇಚನೆ

೧

ಕನ್ನಡ ನಾಡಿನ ಇತಿಹಾಸವನ್ನು ರಚಿಸುವವರಿಗೆ ದೊರೆಯುವ ಆಧಾರಗಳಲ್ಲಿ ಶಾಸನಗಳಿಗೆ ಮೊದಲ ಸ್ಥಾನವಿದೆ. ನಮ್ಮ ಹರಿಹರದ ಹರಿಹರೇಶ್ವರ ದೇವಾಲಯವನ್ನೇ ನೋಡಬಹುದು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಳಾಳ್ವನು ಅದನ್ನು ೧೨೨೪ರಲ್ಲಿ ಕಟ್ಟಿಸಿದನೆಂಬುದನ್ನು ಕಲ್ಲೇ ನಮಗೆ ಹೇಳುತ್ತದೆ. ಆದರೆ ಅದೇ ಹರಿಹರದಿಂದ ಶಿವಮೊಗ್ಗೆಯ ದಾರಿ ಹಿಡಿದು ಮಲೇಬೆನ್ನೂರಿನ ಕಡೆಗೆ ಹೋದರೆ, ಯಾವ ಕಲ್ಲೂ ಹೆಸರಿಸದ, ಯಾವ ಅರಸನೂ ದತ್ತಿ ಕೊಡದ ಒಬ್ಬ ಕವಯಿತ್ರಿಯ ನೆಲ ಎದುರಾಗುತ್ತದೆ. ಆಕೆ ಹೆಳವನಕಟ್ಟೆ ಗಿರಿಯಮ್ಮ. ಸುಮಾರು ಇನ್ನೂರೈವತ್ತು ವರ್ಷಗಳಿಂದ ಆಕೆಯ ಹೆಸರು ಉಳಿದು ಬಂದಿರುವುದು ಮುಖ್ಯವಾಗಿ ಹೆಂಗಸರ ಬಾಯಿಯಲ್ಲಿ.

ದಾವಣಗೆರೆಯ ದಕ್ಷಿಣಕ್ಕಿರುವ ಹದಡಿಯಲ್ಲಿ ಈ ಲೇಖಕನು ಒಂದು ಮದುವೆಯ ಮನೆಯಲ್ಲಿ ಆರತಿಯ ಹಾಡೊಂದನ್ನು ಕೇಳಿದ ಸಂದರ್ಭವೇ ಈ ಲೇಖನಕ್ಕೆ ಪ್ರೇರಣೆ. ಹಾಡಿದ ವೃದ್ಧೆಗೆ ಓದುಬರಹ ಬಾರದು. ಅತ್ತೆಯಿಂದ ಕೇಳಿ ಕಲಿತದ್ದೆಂದರು. ಹಾಡಿನ ಕೊನೆಯಲ್ಲಿ 'ಹೆಳವನಕಟ್ಟೆ ರಂಗ'ನ ಹೆಸರು ಬಂದಿತು. ಹಾಡಿದ್ದು ಯಾರ ರಚನೆಯೆಂದು ಕೇಳಿದಾಗ, "ದೇವರ ಹಾಡು, ಇನ್ನಾರದು?" ಎಂಬುದೇ ಉತ್ತರವಾಯಿತು. ಹಾಡು ಉಳಿದು ಹಾಡಿದವಳು ಮರೆಯಾಗುವುದು ಹೇಗೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಅಂತಹ ಹಾಡುಗಳಿಂದಲೂ ಐತಿಹ್ಯಗಳಿಂದಲೂ ಒಂದು ಜೀವನವನ್ನು ಎಷ್ಟರಮಟ್ಟಿಗೆ ಮತ್ತೆ ಕಟ್ಟಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ವಿಚಾರಮಾಡುವುದೇ ಇಲ್ಲಿಯ ಉದ್ದೇಶ.

೨

ಪರಂಪರೆಯು ಹೇಳುವ ಜೀವನವೃತ್ತಾಂತ ಹೀಗಿದೆ. ಗಿರಿಯಮ್ಮನ ತವರು ತುಂಗಭದ್ರೆಯ ಆಚೆಯ ದಡದ ರಾಣೆಬೆನ್ನೂರು. ತಂದೆ ಬಿಷ್ಟಪ್ಪ ಜೋಯಿಸ, ತಾಯಿ ತುಂಗಮ್ಮ. ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಹುಡುಗಿ ಬಂಧುಗಳ ಆಶ್ರಯದಲ್ಲಿ ಬೆಳೆದಳು. ಮಲೇಬೆನ್ನೂರಿನ ಶಾನುಭೋಗರ ಮನೆತನಕ್ಕೆ ಸೊಸೆಯಾಗಿ ಬಂದಳು. ಚಿಕ್ಕಂದಿನಿಂದಲೂ ದೇವರ ಪೂಜೆ ಹಾಡುಗಳಲ್ಲಿ ಮುಳುಗಿದ್ದ ಆಕೆಗೆ ಸಂಸಾರದಲ್ಲಿ ಮನಸ್ಸು ನಿಲ್ಲಲಿಲ್ಲ; ಪತಿಗೆ ತಾನೇ ಮುಂದಾಗಿ ಮತ್ತೊಂದು ಮದುವೆ ಮಾಡಿಸಿ, ಹೆಳವನಕಟ್ಟೆಯ ರಂಗನಾಥನ ಸನ್ನಿಧಿಯಲ್ಲಿ ಕಾಲ ಕಳೆದಳು. ಈ ರಂಗನಾಥನ ದೇವಾಲಯ ಮಲೇಬೆನ್ನೂರಿಗೆ ಸಮೀಪದ ಕೊಮಾರನಹಳ್ಳಿಯಲ್ಲಿದೆ, ಪಕ್ಕದಲ್ಲಿಯೇ ಕೆರೆಯಿದೆ.

ಹೆಸರಿನ ವಿಷಯವಾಗಿ ಒಂದು ಮಾತು. 'ಹೆಳವ' ಎಂದರೆ ಕುಂಟ. 'ಕಟ್ಟೆ' ಎಂದರೆ ನೀರನ್ನು ತಡೆದು ನಿಲ್ಲಿಸುವ ಒಡ್ಡು. ಇಂದು ಈ ಪ್ರದೇಶಕ್ಕೆ ಭದ್ರಾ ನಾಲೆಯ ನೀರು ಹರಿಯುತ್ತಿದ್ದು ಎಲ್ಲೆಲ್ಲಿಯೂ ಬತ್ತದ ಗದ್ದೆಗಳು ಕಾಣುತ್ತವೆ. ಹದಿನೆಂಟನೆಯ ಶತಮಾನದಲ್ಲಿ ಹಾಗಿರಲಿಲ್ಲ. ಊರಿನ ಬದುಕು ಕೆರೆಕಟ್ಟೆಗಳನ್ನೇ ನಂಬಿಕೊಂಡಿತ್ತು. ಕಟ್ಟೆಯ ಬಳಿಯ ದೇವರು ಊರಿನ ದೇವರಾಗುವುದು ಸಹಜ. ಗಿರಿಯಮ್ಮ ಆರಿಸಿಕೊಂಡದ್ದು ಶ್ರೀರಂಗದ ರಂಗನಾಥನನ್ನಲ್ಲ, ಶ್ರೀರಂಗಪಟ್ಟಣದ ರಂಗನಾಥನನ್ನೂ ಅಲ್ಲ. ಒಂದು ಕಟ್ಟೆಯ ರಂಗನನ್ನು.

ಆಕೆ ಬಾಳಿದ ಕಾಲದ ರಾಜಕೀಯ ಸ್ಥಿತಿಯೂ ನೆನಪಿನಲ್ಲಿರಬೇಕು. ತುಂಗಭದ್ರೆಯ ಈ ಎರಡು ದಡಗಳಿಗಾಗಿ ಕೆಳದಿಯ ನಾಯಕರು, ಚಿತ್ರದುರ್ಗದ ನಾಯಕರು, ಸವಣೂರಿನ ನವಾಬರು, ಮರಾಠರು ಸೆಣಸುತ್ತಿದ್ದರು. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದನು. ೧೭೭೯ರಲ್ಲಿ ಚಿತ್ರದುರ್ಗವೂ ಆತನ ಕೈವಶವಾಯಿತು. ಈ ಗೊಂದಲದ ನಡುವೆ ಸ್ಥಿರವಾದ ಆಸ್ಥಾನವೊಂದು ಈ ಸೀಮೆಯಲ್ಲಿ ಕವಿಗಳನ್ನು ಪೋಷಿಸುವ ಸ್ಥಿತಿಯಲ್ಲಿರಲಿಲ್ಲ. ಇದೇ ಕಾಲಕ್ಕೆ ಸ್ವಲ್ಪ ಹಿಂದೆ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ (೧೬೭೩-೧೭೦೪) ಅರಮನೆಯ ಸಂಚಿಯ ಹೊನ್ನಮ್ಮ 'ಹದಿಬದೆಯ ಧರ್ಮ'ವನ್ನು ರಚಿಸಿದಳು. ಅನಂತರ ದೊಡ್ಡ ಕೃಷ್ಣರಾಜ ಒಡೆಯರ ರಾಣಿ ಚೆಲುವಾಂಬೆ 'ವರನಂದಿ ಕಲ್ಯಾಣ'ವನ್ನು ರಚಿಸಿದಳು. ಅವರಿಬ್ಬರಿಗೂ ಅರಮನೆಯ ನೆರಳಿತ್ತು. ಓದಿ ಮೆಚ್ಚುವ ಪಂಡಿತರೂ ಪ್ರತಿಮಾಡುವ ಲಿಪಿಕಾರರೂ ಇದ್ದರು. ಗಿರಿಯಮ್ಮನಿಗೆ ಇದ್ದದ್ದು ಕೇಳಿ ಕಲಿಯುವ ಹೆಂಗಸರು ಮಾತ್ರ.

೩

ಕಾಲನಿರ್ಣಯದ ಪ್ರಶ್ನೆಯನ್ನು ಈಗ ಎತ್ತಿಕೊಳ್ಳಬಹುದು. ಸಾಹಿತ್ಯಚರಿತ್ರೆಗಳು ಸಾಮಾನ್ಯವಾಗಿ ಈಕೆಯನ್ನು ೧೭೫೦ರ ಸುಮಾರಿನವಳೆಂದು ಹೇಳುತ್ತವೆ. ಪರಂಪರೆಯು ಇಬ್ಬರು ಹಿರಿಯರ ಹೆಸರನ್ನು ಈಕೆಯ ಜೀವನದೊಡನೆ ಸೇರಿಸಿದೆ. ಒಬ್ಬರು ಮಂತ್ರಾಲಯದ ರಾಘವೇಂದ್ರಸ್ವಾಮಿಗಳ ಮಠದ ಪೀಠಾಧಿಪತಿಗಳಾಗಿದ್ದ ಸುಮತೀಂದ್ರತೀರ್ಥರು. ಮತ್ತೊಬ್ಬರು ವಿಜಯದಾಸರ ಶಿಷ್ಯರಾದ ಗೋಪಾಲದಾಸರು. ಸುಮತೀಂದ್ರತೀರ್ಥರು ಪೀಠದಲ್ಲಿದ್ದುದು ೧೬೯೨ರಿಂದ ೧೭೨೫ರವರೆಗೆ. ಗೋಪಾಲದಾಸರು ಹುಟ್ಟಿದ್ದು ಸುಮಾರು ೧೭೨೧ರಲ್ಲಿ ಎನ್ನುತ್ತಾರೆ. ಅಂದರೆ ಮೊದಲನೆಯವರು ಕಾಲವಾದಾಗ ಎರಡನೆಯವರು ಇನ್ನೂ ಎಳೆಯ ಮಗು.

ಮೇಲುನೋಟಕ್ಕೆ ಇದು ವಿರೋಧವೆಂದು ತೋರುತ್ತದೆ. ಎರಡು ಐತಿಹ್ಯಗಳಲ್ಲಿ ಒಂದನ್ನು ಕೈಬಿಡಬೇಕೆಂದು ಅವಸರಪಡುವುದು ಸುಲಭ. ಆದರೆ ಲೆಕ್ಕಮಾಡಿ ನೋಡಿದರೆ ಅದು ಅನಿವಾರ್ಯವಲ್ಲ. ೧೭೨೫ಕ್ಕೆ ಮೊದಲು ಪೀಠಾಧಿಪತಿಗಳ ಗಮನಕ್ಕೆ ಬರುವಷ್ಟು ಹಾಡುಗಳನ್ನು ಕಟ್ಟಿದ್ದವಳು ಆಗ ಕನಿಷ್ಠಪಕ್ಷ ಇಪ್ಪತ್ತರ ಪ್ರಾಯದವಳಾಗಿರಬೇಕು. ಆದ್ದರಿಂದ ಆಕೆಯ ಜನನ ೧೭೦೫ರ ಸುಮಾರಿಗೆ ಅಥವಾ ಅದಕ್ಕಿಂತ ಮೊದಲು ಆಗಿರಬೇಕು. ಗೋಪಾಲದಾಸರು ದಾಸರೆಂದು ಹೆಸರಾದದ್ದು ೧೭೪೫ರ ಸುಮಾರಿಗೆ ಎಂದಿಟ್ಟುಕೊಂಡರೆ ಆಕೆಗೆ ಆಗ ನಾಲ್ವತ್ತು ಮೀರಿರುತ್ತದೆ. ಒಂದೇ ಆಯುಷ್ಯದಲ್ಲಿ ಎರಡು ಭೇಟಿಗಳೂ ಸಾಧ್ಯ.

ಈ ಲೆಕ್ಕದಿಂದ ಒಂದು ಮುಖ್ಯವಾದ ಫಲಿತಾಂಶ ಹೊರಡುತ್ತದೆ. ಭಕ್ತರು ಬರೆದ ಚರಿತ್ರೆಗಳಲ್ಲಿ ಗೋಪಾಲದಾಸರು ಅನುಗ್ರಹಿಸುವವರು, ಗಿರಿಯಮ್ಮ ಅನುಗ್ರಹ ಪಡೆಯುವವಳು. ಎರಡು ಐತಿಹ್ಯಗಳನ್ನೂ ಒಪ್ಪಿದಲ್ಲಿ, ಭೇಟಿಯ ಸಮಯದಲ್ಲಿ ಆಕೆ ವಯಸ್ಸಿನಲ್ಲಿ ಹಿರಿಯಳು, ಹಾಡಿನ ಕೆಲಸದಲ್ಲಿ ಆಗಲೇ ನುರಿತವಳು. ಆಗ ಆ ಅನುಗ್ರಹವನ್ನು ಗುರು ಶಿಷ್ಯೆಗೆ ಕೊಟ್ಟ ದೀಕ್ಷೆಯೆನ್ನುವುದಕ್ಕಿಂತ, ಬಲಗೊಂಡ ಒಂದು ದಾಸಪರಂಪರೆ ತನ್ನ ಹೊರಗೆ ಬೆಳೆದ ಹಾಡುಗಾರ್ತಿಯೊಬ್ಬಳನ್ನು ಗುರುತಿಸಿದ ಗೌರವವೆಂದು ತಿಳಿಯುವುದು ಹೆಚ್ಚು ಸಮಂಜಸ. ಸುಮತೀಂದ್ರರ ಐತಿಹ್ಯವನ್ನು ಒಪ್ಪದವರಿಗೆ ಈ ತೀರ್ಮಾನ ದೃಢವಾಗಿ ನಿಲ್ಲದು. ಆದರೆ ಇದಕ್ಕೆ ಬೆಂಬಲ ಕೊಡುವ ಸ್ವತಂತ್ರವಾದ ಸಾಕ್ಷ್ಯ ಮತ್ತೊಂದಿದೆ. ಅದು ಆಕೆಯ ಅಂಕಿತ.

೪

ಹರಿದಾಸರ ಕೀರ್ತನೆಗಳ ಕೊನೆಯಲ್ಲಿ ಬರುವ ಅಂಕಿತವು ಕವಿಯ ರುಜುವಿದ್ದಂತೆ. ಪುರಂದರವಿಠಲ ಎಂದರೆ ಪುರಂದರದಾಸರು. ಹದಿನೆಂಟನೆಯ ಶತಮಾನದ ದಾಸಕೂಟದಲ್ಲಿ ಅಂಕಿತವು ಗುರುವಿನಿಂದ ಶಿಷ್ಯನಿಗೆ ಬರುವ ಪದ್ಧತಿ ನೆಲೆಗೊಂಡಿತ್ತು: ವಿಜಯದಾಸರದು (೧೬೮೨-೧೭೫೫) ವಿಜಯವಿಠಲ, ಅವರ ಶಿಷ್ಯ ಗೋಪಾಲದಾಸರದು ಗೋಪಾಲವಿಠಲ, ಅವರ ಪ್ರಭಾವದಲ್ಲಿ ಬೆಳೆದ ಜಗನ್ನಾಥದಾಸರದು ಜಗನ್ನಾಥವಿಠಲ. 'ವಿಠಲ' ಎಂಬ ಪದವೇ ಈ ಗುರುಪರಂಪರೆಯ ಮುದ್ರೆ. ಗಿರಿಯಮ್ಮನ ಅಂಕಿತದಲ್ಲಿ ವಿಠಲನಿಲ್ಲ. 'ಹೆಳವನಕಟ್ಟೆ ರಂಗ' ಎಂಬುದು ಊರಿನ ಹೆಸರೂ ದೇವರ ಹೆಸರೂ ಕೂಡಿ ಆದದ್ದು. ಇದಕ್ಕೆ ಹೋಲಿಕೆಯಿರುವುದು ಕನಕದಾಸರ 'ಕಾಗಿನೆಲೆಯಾದಿಕೇಶವ' ಎಂಬ ಅಂಕಿತಕ್ಕೆ. ಕಾಗಿನೆಲೆಯೂ ರಾಣೆಬೆನ್ನೂರಿಗೆ ದೂರದ ಊರಲ್ಲ. ಕುಲದ ಕಾರಣದಿಂದ ಅಂಚಿನಲ್ಲಿ ನಿಂತ ಕನಕದಾಸರೂ ಸ್ತ್ರೀಯೆಂಬ ಕಾರಣದಿಂದ ಅಂಚಿನಲ್ಲಿ ನಿಂತ ಗಿರಿಯಮ್ಮನೂ ತಮ್ಮ ಊರಿನ ದೇವರನ್ನೇ ಅಂಕಿತಕ್ಕೆ ಕರೆದದ್ದು ಗಮನಾರ್ಹ.

ಗುರುವಿನಿಂದ ಅಂಕಿತ ಪಡೆದವಳಾಗಿದ್ದರೆ ಆಕೆಯೂ ಯಾವುದಾದರೊಂದು ವಿಠಲನ ಹೆಸರಿನಲ್ಲಿ ಹಾಡುತ್ತಿದ್ದಳೆಂದು ನಿರೀಕ್ಷಿಸಬಹುದು. ಹಾಗಿಲ್ಲದಿರುವುದರಿಂದ, ಗೋಪಾಲದಾಸರ ಸಂಪರ್ಕಕ್ಕೆ ಬರುವ ಮೊದಲೇ ಆಕೆಯ ಅಂಕಿತ ರೂಢಿಯಾಗಿತ್ತೆಂದು ಊಹಿಸುವುದು ತಪ್ಪಾಗಲಾರದು.

ಅಂಕಿತಕ್ಕೆ ಇನ್ನೊಂದು ಪ್ರಯೋಜನವೂ ಉಂಟು. ಬಾಯಿಂದ ಬಾಯಿಗೆ ಸಾಗುವ ಹಾಡಿನಲ್ಲಿ ನುಡಿಗಳು ಹಿಂದುಮುಂದಾಗುತ್ತವೆ, ಪದಗಳು ಬದಲಾಗುತ್ತವೆ, ಒಬ್ಬರ ನುಡಿ ಮತ್ತೊಬ್ಬರ ಹಾಡಿಗೆ ಸೇರುತ್ತದೆ. ಆದರೆ ಅಂಕಿತವನ್ನು ಬದಲಾಯಿಸಲು ಹಾಡುವವರು ಹಿಂಜರಿಯುತ್ತಾರೆ, ಅದು ದೇವರ ಹೆಸರಾದ್ದರಿಂದ. ಹದಡಿಯ ಆ ವೃದ್ಧೆಗೆ ಕವಯಿತ್ರಿಯ ಹೆಸರು ತಿಳಿಯದಿದ್ದರೂ ಆಕೆಯ ರುಜುವನ್ನು ಅಳಿಸದೆ ಕಾಪಾಡಿಕೊಂಡು ಬಂದದ್ದು ಈ ಹಿಂಜರಿಕೆಯೇ.

೫

ಗಿರಿಯಮ್ಮನ ಹೆಸರಿನಲ್ಲಿ ಬಿಡಿ ಕೀರ್ತನೆಗಳಲ್ಲದೆ ಹಲವು ಕಥನಕಾವ್ಯಗಳೂ ಪ್ರಸಿದ್ಧವಾಗಿವೆ: ಚಂದ್ರಹಾಸನ ಕಥೆ, ಸೀತಾ ಕಲ್ಯಾಣ, ಉದ್ದಾಲಿಕನ ಕಥೆ, ಲವಕುಶರ ಕಾಳಗ, ಬ್ರಹ್ಮ ಕೊರವಂಜಿ ಮೊದಲಾದವು. ಇವು ಹಾಡಲೆಂದೇ ಹುಟ್ಟಿದ ಕಬ್ಬಗಳು. ಮದುವೆ ಮುಂಜಿಗಳಲ್ಲಿ, ವ್ರತದ ದಿನಗಳಲ್ಲಿ ಹೆಂಗಸರು ಕುಳಿತು ಕೇಳುವ, ಕೇಳುತ್ತ ದನಿಗೂಡಿಸುವ ಸಂದರ್ಭ ಇವುಗಳ ಹಿನ್ನೆಲೆಯಲ್ಲಿದೆ. ಕಣಿ ಹೇಳುವ ಕೊರವಂಜಿಯ ವೇಷವನ್ನು ದೇವರಿಗೇ ತೊಡಿಸುವ ಕೊರವಂಜಿ ಪ್ರಕಾರವೂ ಅಂತಹ ಕೂಟಕ್ಕೆ ಒಪ್ಪುವಂಥದು.

ಕಥೆಗಳ ಆಯ್ಕೆಯನ್ನು ಪರಿಶೀಲಿಸಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಚಂದ್ರಹಾಸ, ಉದ್ದಾಲಕ, ಲವಕುಶರು, ಈ ಮೂರೂ ಲಕ್ಷ್ಮೀಶನ ಜೈಮಿನಿ ಭಾರತದ ಮೂಲಕ ಕನ್ನಡಿಗರ ಮನೆಮಾತಾದ ಕಥೆಗಳು. ಜೈಮಿನಿಯ ಷಟ್ಪದಿಯನ್ನು ಗಮಕಿಗಳು ಓದುತ್ತಿದ್ದರು, ಪಂಡಿತರು ಅರ್ಥ ಹೇಳುತ್ತಿದ್ದರು. ಮನೆಯ ಒಳಗಿದ್ದ ಹೆಂಗಸರು ಅದನ್ನು ಕೇಳಬಲ್ಲವರಾಗಿದ್ದರು. ಕೇಳಿದ್ದನ್ನು ತಮ್ಮ ಕೂಟಕ್ಕೆ ತಕ್ಕ ಹಾಡಾಗಿ ಪರಿವರ್ತಿಸಿದವರಲ್ಲಿ ಗಿರಿಯಮ್ಮ ಮೊದಲ ಸಾಲಿನವಳು. ಪ್ರೌಢಕಾವ್ಯವು ಅಂಗಳದಿಂದ ಒಳಮನೆಗೆ ದಾಟಿದ ದಾರಿ ಇದು. ನಮ್ಮ ಸಾಂಸ್ಕೃತಿಕ ಇತಿಹಾಸದಲ್ಲಿ ಈ ದಾರಿಯ ಅಧ್ಯಯನ ಸಾಲದು.

ಚಂದ್ರಹಾಸನ ಕಥೆಯ ಒಂದು ಸನ್ನಿವೇಶವನ್ನು ಇಲ್ಲಿ ನೆನೆಯಬೇಕು. ತಬ್ಬಲಿಯಾಗಿ ಬೆಳೆದ ಚಂದ್ರಹಾಸನನ್ನು ಕೊಲ್ಲಿಸಲು ಮಂತ್ರಿ ದುಷ್ಟಬುದ್ಧಿಯು, ಇವನಿಗೆ ವಿಷವನ್ನು ಕೊಡೆಂದು ಮಗನಿಗೆ ಬರೆದ ಓಲೆಯನ್ನು ಅವನ ಕೈಯಲ್ಲೇ ಕಳುಹಿಸುತ್ತಾನೆ. ಉದ್ಯಾನದಲ್ಲಿ ಮಲಗಿದ್ದ ಚಂದ್ರಹಾಸನನ್ನು ಕಂಡ ಮಂತ್ರಿಯ ಮಗಳು ವಿಷಯೆ ಓಲೆಯನ್ನು ಓದಿ, ಕಣ್ಣಿನ ಕಾಡಿಗೆಯಿಂದ ಅಕ್ಷರವನ್ನು ತಿದ್ದಿ, 'ವಿಷ'ವನ್ನು 'ವಿಷಯೆ'ಯನ್ನಾಗಿ ಮಾಡುತ್ತಾಳೆ. ಕೊಲೆಯ ಆಜ್ಞೆ ಮದುವೆಯ ಆಜ್ಞೆಯಾಗುತ್ತದೆ. ಈ ಕಥೆಯ ಕುಂತಳನಗರವು ಸೊರಬ ತಾಲ್ಲೂಕಿನ ಕುಬಟೂರೇ ಎಂಬ ಸ್ಥಳೀಯ ಐತಿಹ್ಯವೂ ಇರುವುದರಿಂದ ಈ ಸೀಮೆಯ ಕೇಳುಗರಿಗೆ ಇದು ನೆರೆಯೂರಿನ ಕಥೆ. ಓದುಬರಹವು ಹೆಂಗಸರಿಗೆ ಅಪರೂಪವಾಗಿದ್ದ ಕಾಲದಲ್ಲಿ, ಓದಬಲ್ಲ ಮತ್ತು ತಿದ್ದಬಲ್ಲ ಒಬ್ಬ ಹುಡುಗಿಯಿಂದ ಪ್ರಾಣವೊಂದು ಉಳಿಯುವ ಈ ಕಥೆಯನ್ನು ತಬ್ಬಲಿಯಾಗಿ ಬೆಳೆದವಳೆಂದು ಹೇಳಲಾಗುವ ಕವಯಿತ್ರಿಯೊಬ್ಬಳು ಹೆಂಗಸರ ಕೂಟಕ್ಕೆ ಹಾಡಿದಳು. ಆಕೆಯ ಕೃತಿಗಳಲ್ಲೆಲ್ಲ ಇದೇ ಅತ್ಯಂತ ಜನಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ.

ಉದ್ದಾಲಿಕನ ಕಥೆಯು ಇದಕ್ಕಿಂತಲೂ ಸೂಕ್ಷ್ಮವಾದುದು. ಋಷಿಯ ಹೆಂಡತಿ ಚಂಡಿ, ಗಂಡ ಹೇಳಿದ್ದಕ್ಕೆಲ್ಲ ವಿರುದ್ಧವಾಗಿ ನಡೆಯುವವಳು. ಬೇಕಾದುದನ್ನು ಬೇಡವೆಂದು ಹೇಳಿ ಗಂಡನು ಕಾರ್ಯ ಸಾಧಿಸುತ್ತಾನೆ. ಕೊನೆಗೆ ಒಂದು ಗಳಿಗೆ ಮೈಮರೆತು ನೇರವಾಗಿ ಹೇಳಿದಾಗ ಶ್ರಾದ್ಧದ ಪಿಂಡ ಎಸೆಯಬಾರದ ಕಡೆಗೆ ಬೀಳುತ್ತದೆ. ಆತನ ಶಾಪದಿಂದ ಆಕೆ ಕಲ್ಲಾಗುತ್ತಾಳೆ. ಕಾಲಾಂತರದಲ್ಲಿ ಅರ್ಜುನನಿಂದ ಬಿಡುಗಡೆ ಹೊಂದುತ್ತಾಳೆ. ಹೆಂಗಸರಿಗೆ ಬುದ್ಧಿ ಹೇಳುವ ಕಥೆಯೆಂದು ಇದನ್ನು ಎಣಿಸುವುದು ರೂಢಿ. ಆದರೆ ಹಾಡಿದವಳು ಸಂಸಾರದಿಂದ ತಾನಾಗಿ ಹೊರಬಂದವಳು, ಕೇಳಿದವರು ದಿನವೂ ಆಜ್ಞೆಗಳ ನಡುವೆ ಬಾಳಿದ ಗೃಹಿಣಿಯರು. ಅಂತಹ ಕೂಟದಲ್ಲಿ ಚಂಡಿಯ ಪ್ರತಿಯೊಂದು 'ಒಲ್ಲೆ'ಗೂ ನಗು ಎದ್ದಿರಬೇಕು. ಆ ನಗುವಿನಲ್ಲಿ ಉಪದೇಶಕ್ಕಿಂತ ಹೆಚ್ಚಿನದೇನೋ ಇತ್ತೆಂದು ಭಾವಿಸುವುದು ಅಸಂಗತವಲ್ಲ.

ಇಲ್ಲಿಯೇ ಇತಿಹಾಸಕಾರನು ಎಚ್ಚರದಿಂದಿರಬೇಕಾದ ಅಂಶವೂ ಇದೆ. ಪತಿಗೆ ಮತ್ತೊಂದು ಮದುವೆ ಮಾಡಿಸಿ ಹೊರಟಳೆಂಬ ಐತಿಹ್ಯವನ್ನು ಭಕ್ತರು ವೈರಾಗ್ಯದ ಪರಾಕಾಷ್ಠೆಯೆಂದು ಹೊಗಳುತ್ತಾರೆ. ಇಂದಿನ ಕೆಲವರು ಬಂಡಾಯವೆಂದು ಕೊಂಡಾಡಬಹುದು. ಎರಡೂ ನಮ್ಮ ಮಾತುಗಳು, ಆಕೆಯ ಮಾತುಗಳಲ್ಲ. ಮನೆಯ ಕೆಲಸ, ಮಕ್ಕಳ ನಿರೀಕ್ಷೆ, ವಂಶದ ಚಿಂತೆ ಇವುಗಳಿಂದ ಬಿಡುಗಡೆಯಾಗದ ಹೊರತು ಹಾಡಿಗೆ ಹೊತ್ತು ಸಿಕ್ಕದು. ಆ ಹೊತ್ತನ್ನು ಪಡೆಯಲು ಆ ಸಮಾಜದಲ್ಲಿ ಹೆಂಗಸಿಗಿದ್ದ ಗೌರವಯುತ ದಾರಿ ಭಕ್ತಿಯೊಂದೇ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯು ಹಿಡಿದದ್ದೂ ಭಕ್ತಿಯ ದಾರಿಯನ್ನೇ. ಆದರೆ ಅಕ್ಕನು ಎಲ್ಲವನ್ನೂ ತೊರೆದು ಶ್ರೀಶೈಲಕ್ಕೆ ನಡೆದಳು. ಗಿರಿಯಮ್ಮ ಗಂಡನ ಮನೆಯ ಸಮೀಪದಲ್ಲಿಯೇ, ಕಟ್ಟೆಯ ಬಳಿ ನೆಲಸಿದಳು. ಮೊದಲನೆಯವಳ ಕವಿತೆ ಒಂಟಿತನದ ಕವಿತೆ, ಎರಡನೆಯವಳದು ಕೂಟದ ಕವಿತೆ. ಒಳಮನೆಯನ್ನು ಬಿಟ್ಟವಳು ಒಳಮನೆಗಾಗಿಯೇ ಹಾಡಿದಳೆಂಬುದು ಆಕೆಯ ಜೀವನದ ವಿಶೇಷ.

೬

ಈ ಸ್ಥಿತಿ ನಮ್ಮ ನಾಡಿಗೆ ಮಾತ್ರ ಮೀಸಲಾದುದಲ್ಲ. ಅರಬ್ ಸಾಹಿತ್ಯದ ಮೊದಲ ಹೆಸರಾಂತ ಕವಯಿತ್ರಿ ಅಲ್-ಖನ್ಸಾ ಏಳನೆಯ ಶತಮಾನದವಳು. ಕಾಳಗದಲ್ಲಿ ಸತ್ತ ತನ್ನ ಸೋದರರಿಗಾಗಿ ಆಕೆ ಹಾಡಿದ ಶೋಕಗೀತೆಗಳೂ ಬಾಯಿಂದ ಬಾಯಿಗೇ ಸಾಗಿ ಬಂದವು. ಸತ್ತವರಿಗಾಗಿ ಹಾಡಿ ಅಳುವುದು ಆ ಸಮಾಜದಲ್ಲಿ ಹೆಂಗಸರ ಪಾಲಿನ ಕೆಲಸವಾಗಿತ್ತು, ನಮ್ಮಲ್ಲಿ ಆರತಿಯ ಹಾಡಿದ್ದಂತೆ. ಆದರೆ ಅಬ್ಬಾಸಿದರ ಕಾಲದ ವ್ಯಾಕರಣ ಪಂಡಿತರಿಗೆ ಶುದ್ಧ ಅರಬ್ಬಿಯ ಪ್ರಯೋಗಗಳಿಗೆ ಪ್ರಮಾಣ ಬೇಕಾಗಿದ್ದುದರಿಂದ ಅವರು ಆ ಹಾಡುಗಳನ್ನು ಸಂಗ್ರಹಿಸಿ, ಪಾಠವನ್ನು ನಿಶ್ಚಯಿಸಿ, ವ್ಯಾಖ್ಯಾನ ಬರೆದರು. ಅನಂತರ ದಮಾಸ್ಕಸ್ಸಿನ ವಿದ್ವಾಂಸ ಮನೆತನದಲ್ಲಿ ಹುಟ್ಟಿ ೧೫೧೭ರಲ್ಲಿ ಕಾಲವಾದ ಆಯಿಷಾ ಅಲ್-ಬಾವೂನಿಯಾ ಭಕ್ತಿಪರವಾದ ಪದ್ಯಗಳನ್ನೂ ಸೂಫಿ ಗ್ರಂಥಗಳನ್ನೂ ವಿಪುಲವಾಗಿ ರಚಿಸಿದಳು. ಕೈರೋಗೆ ಪ್ರಯಾಣ ಮಾಡುವಾಗ ದರೋಡೆಕಾರರು ಆಕೆಯ ಬರಹಗಳನ್ನು ಅಪಹರಿಸಿದ ಸಂಗತಿಯವರೆಗೆ ಆಕೆಯ ಜೀವನ ದಾಖಲಾಗಿದೆ. ಆಕೆ ತಾನೇ ಬರೆದುಕೊಂಡಳು, ಚರಿತ್ರಕಾರರೂ ಬರೆದಿಟ್ಟರು.

ಈ ಹೋಲಿಕೆಯಿಂದ ತಿಳಿಯುವುದು ಇಷ್ಟು. ಹೆಂಗಸರ ಕವಿತೆ ಉಳಿಯುವುದು ಅದರ ಗುಣದಿಂದ ಮಾತ್ರವಲ್ಲ. ಅದನ್ನು ಬರೆದಿಡಬೇಕೆಂದು ಯಾರಿಗೆ ಯಾವಾಗ ತೋರಿತೆಂಬುದರ ಮೇಲೂ ಅದು ನಿಂತಿದೆ. ನಮ್ಮಲ್ಲಿ ದಾಸರ ಪದಗಳನ್ನು ಮೊದಲು ಅಚ್ಚುಹಾಕಿಸಿದವರಲ್ಲಿ ಜರ್ಮನಿಯ ಪಾದ್ರಿ ಹೆರ್ಮನ್ ಮೋಗ್ಲಿಂಗ್ ಪ್ರಮುಖರು; ಅವರ ಸಂಗ್ರಹ ಮಂಗಳೂರಿನಲ್ಲಿ ೧೮೫೦ರಲ್ಲಿ ಪ್ರಕಟವಾಯಿತು. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಮೂರು ಸಂಪುಟಗಳು ೧೯೦೭, ೧೯೧೯, ೧೯೨೯ರಲ್ಲಿ ಹೊರಬಂದವು. ಇಪ್ಪತ್ತನೆಯ ಶತಮಾನದಲ್ಲಿ ಲಿಂಗಸುಗೂರಿನ ಗೊರೆಬಾಳ ಹನುಮಂತರಾಯರು ದಾಸಸಾಹಿತ್ಯದ ಸಂಗ್ರಹಕ್ಕೆ ತಮ್ಮ ಜೀವನವನ್ನೇ ಮುಡಿಪಾಗಿಟ್ಟರು. ಇಂತಹ ಹಿರಿಯರ ಶ್ರಮದಿಂದಲೇ ದಾಸರ ಹಾಡುಗಳು ಪುಸ್ತಕಕ್ಕೆ ಬಂದವು. ಆದರೆ ಸಂಗ್ರಾಹಕರು ಹೆಚ್ಚಾಗಿ ಹುಡುಕಿದ್ದು ಮಠಗಳ ಮತ್ತು ದಾಸರ ಮನೆತನಗಳ ಹಸ್ತಪ್ರತಿಗಳನ್ನು. ಅಡಿಗೆಮನೆಯ ಗೋಡೆಗೂಡಿನಲ್ಲಿದ್ದ ಹಾಡಿನ ಪುಸ್ತಕಗಳು, ಬರೆದೇ ಇಲ್ಲದ ಹಾಡುಗಳು ಅವರ ಕೈಗೆ ಸಿಕ್ಕಿದ್ದು ಕಡಮೆ.

ಇದಕ್ಕೆ ರಾಜಕೀಯದ ಗಡಿಯೂ ಒಂದು ಕಾರಣವಾಯಿತೆನ್ನಬಹುದು. ೧೯೫೬ರವರೆಗೆ ಗಿರಿಯಮ್ಮನ ತವರು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿತ್ತು, ಗಂಡನ ಮನೆ ಮೈಸೂರು ರಾಜ್ಯದ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ನಡುವೆ ಹರಿಯುವ ತುಂಗಭದ್ರೆ ಎರಡು ಆಡಳಿತಗಳ, ಎರಡು ಶಿಕ್ಷಣ ವ್ಯವಸ್ಥೆಗಳ ಗಡಿಯಾಗಿತ್ತು. ಹಾಡು ಮದುಮಗಳೊಡನೆ ಹೊಳೆ ದಾಟಿತು. ವಿದ್ವತ್ತು ದಾಟುವುದು ತಡವಾಯಿತು. ಏಕೀಕರಣದ ನಂತರ ಒಂದೇ ರಾಜ್ಯವಾಯಿತಾದರೂ, ೧೯೯೭ರಲ್ಲಿ ದಾವಣಗೆರೆ ಮತ್ತು ಹಾವೇರಿ ಜಿಲ್ಲೆಗಳ ರಚನೆಯಾದ ಮೇಲೆ ಈ ಎರಡು ಊರುಗಳು ಮತ್ತೆ ಎರಡು ಹೊಸ ಜಿಲ್ಲೆಗಳಿಗೆ ಸೇರಿವೆ. ಗಿರಿಯಮ್ಮನನ್ನು ಕುರಿತು ಕೆಲಸ ಮಾಡುವವರು ಹೊಳೆಯ ಎರಡು ದಡಗಳಲ್ಲಿಯೂ ಕೇಳಿ ಹೋಲಿಸಿ ನೋಡಬೇಕು. ಒಂದೇ ಹಾಡಿನ ರಾಣೆಬೆನ್ನೂರಿನ ಪಾಠಕ್ಕೂ ಮಲೇಬೆನ್ನೂರಿನ ಪಾಠಕ್ಕೂ ಇರುವ ವ್ಯತ್ಯಾಸವನ್ನು ದಾಖಲಿಸಬೇಕು. ಯಾರಿಂದ ಕಲಿತದ್ದೆಂದು ಹಾಡಿದವರನ್ನು ಕೇಳಿ ಎರಡು ಮೂರು ತಲೆಮಾರಿನವರೆಗೆ ಬರೆದಿಡಬೇಕು. ಶಾಸನದ ಅಚ್ಚು ತೆಗೆಯುವಾಗ ತೋರುವ ಶ್ರದ್ಧೆಯನ್ನೇ ಇಲ್ಲಿಯೂ ತೋರಬೇಕು.

೭

ಇದುವರೆಗಿನ ವಿವೇಚನೆಯಿಂದ ಈ ಅಂಶಗಳನ್ನು ಸಂಗ್ರಹಿಸಬಹುದು. ಗಿರಿಯಮ್ಮ ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಹಾಡುತ್ತಿದ್ದಳೆಂದು ಹೇಳಲು ಅವಕಾಶವಿದೆ. ಆಕೆಯ ಅಂಕಿತವು ದಾಸಕೂಟದ ಗುರುಪರಂಪರೆಗೆ ಹೊರಗಿನದು. ಆದ್ದರಿಂದ ಆಕೆಯನ್ನು ಯಾರೊಬ್ಬರ ಶಿಷ್ಯೆಯೆಂದು ಮಾತ್ರ ಪರಿಚಯಿಸುವುದು ನ್ಯಾಯವಲ್ಲ. ಪ್ರೌಢಕಾವ್ಯದ ಕಥೆಗಳನ್ನು ಹೆಂಗಸರ ಹಾಡಿನ ಸಂಪ್ರದಾಯಕ್ಕೆ ತಂದು ಬೆಳೆಸಿದ ಕೀರ್ತಿ ಆಕೆಗೆ ಸಲ್ಲುತ್ತದೆ. ಮುಂದಿನ ಶತಮಾನದ ಹರಪನಹಳ್ಳಿಯ ಭೀಮವ್ವನಂತಹವರು (೧೮೨೩-೧೯೦೩) ನಡೆದದ್ದು ಆಕೆ ಸವೆಸಿದ ಹಾದಿಯಲ್ಲಿ.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಅನೇಕರು ಈ ಸೀಮೆಯ ಹಳ್ಳಿಗಳಿಂದ ಬಂದವರು. ತಮ್ಮ ಮನೆಯ ಹಿರಿಯ ಹೆಂಗಸರಲ್ಲಿ ಯಾರಿಗೆ 'ಹೆಳವನಕಟ್ಟೆ ರಂಗ'ನ ಹಾಡು ಬರುತ್ತದೆಂಬುದನ್ನು ಅವರು ಬರುವ ರಜೆಯಲ್ಲಿ ವಿಚಾರಿಸಿ, ಕೇಳಿದ್ದನ್ನು ಕೇಳಿದಂತೆಯೇ ಬರೆದು ತಂದರೆ, ಅದು ಈ ವಿಭಾಗಕ್ಕೆ ಒಂದು ತಾಮ್ರಶಾಸನ ದೊರೆತುದಕ್ಕೆ ಸಮಾನವಾದ ಲಾಭ. ತಾಮ್ರಶಾಸನವು ಮಣ್ಣಿನಲ್ಲಿ ಇನ್ನೂ ನೂರು ವರ್ಷ ಕಾಯಬಲ್ಲದು. ಹದಡಿಯಲ್ಲಿ ನಾನು ಕೇಳಿದ ಹಾಡನ್ನು ಬರೆದುಕೊಳ್ಳಲೆಂದು ಮರುವರ್ಷ ಹೋದಾಗ ಆ ವೃದ್ಧೆ ಇರಲಿಲ್ಲ. ಸೊಸೆಗೆ ಮೊದಲ ಎರಡು ನುಡಿಗಳು ಮಾತ್ರ ನೆನಪಿದ್ದವು.